ಒಂದು ಬೆರಳಿನ ಮನುಷ್ಯ

ನಮ್ಮ ಹಳೆಯ ಮ್ಯಾನೇಜರು ತೀರಿಕೊಂಡ ಸುದ್ದಿ ಮಿಷಿಗನ್ನಿನ ಪ್ಲಿಮತ್ ಕಡೆಯ ಕನ್ನಡದವರ ವಾಟ್ಸಾಪ್ ಗುಂಪಿಗೆ ಬಂದ ಅರ್ಧ ಗಂಟೆಯೊಳಗೆ ಸಂತರಾಗಿಬಿಟ್ಟಿದ್ದರು. ಮೃದು ಹೃದಯದವರು ಎಂದು ಒಬ್ಬರು ಬರೆದರು. ಎಲ್ಲರಲ್ಲೂ ಒಳ್ಳೆಯದನ್ನೇ ಕಂಡವರು ಎಂದು ಇನ್ನೊಬ್ಬರು. ಈ ಇನ್ನೊಬ್ಬರ ಮಗಳು ಚಿಕ್ಕವಳಿದ್ದಾಗ ರಾಜ್ಯೋತ್ಸವದ ವೇದಿಕೆಯ ಮೇಲೆ ಹಾಡಿ ಇಳಿದು ಬಂದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಈ ಸಂತರು ಅವಳತ್ತ ಒಂದು ಬೆರಳು ತೋರಿಸಿದರು. ಮಗು ಅದರ ಅರ್ಥವೇನೆಂದು ಯಾರನ್ನೋ ಕೇಳಿ ತಿಳಿದುಕೊಂಡು, ಊಟ ಬಿಟ್ಟು ಹೋಗಿ ಕಾರಿನಲ್ಲಿ ಕೂತಿತು. ಅಪ್ಪ ಅದನ್ನು ಮರೆತಿರಬಹುದು. ಸಾವಿನ ಸುದ್ದಿ ಬಂದರೆ ನಮ್ಮ ಜನರಿಗೆ ಎಲ್ಲವೂ ಮರೆತುಹೋಗುತ್ತದೆ. ನಾನು ಇಲ್ಲಿ, ಬೇರೆ ರಾಜ್ಯದ ಇಟಾಸ್ಕಾದಲ್ಲಿ ಕೂತು ಎಲ್ಲರ ಸಂದೇಶಗಳನ್ನೂ ಓದಿದೆ, ಕೈ ಮುಗಿದ ಚಿತ್ರ ಹಾಕುವಷ್ಟೂ ಮನಸ್ಸು ಬರಲಿಲ್ಲ.

ಆ ಬೆರಳಿನ ಅರ್ಥ ಹೇಳಬೇಕಾದರೆ ಅವರ ಆಟದ ವಿಷಯ ಹೇಳಬೇಕು. ಮೈಸೂರಿನವರು, ಎಂಜಿನಿಯರು. ಮೆಲ್ಬರ್ನಿನಲ್ಲಿ ಬಹಳ ವರ್ಷ ಕಾರಿನ ಬಿಡಿಭಾಗಗಳ ಕೆಲಸ ಮಾಡಿ, ಆಮೇಲೆ ಮಿಷಿಗನ್‌ಗೆ ಬಂದವರು. ಬರುವಾಗ ಅಲ್ಲಿಯ ಫುಟ್‌ಬಾಲನ್ನು ತಲೆಯಲ್ಲಿ ತುಂಬಿಕೊಂಡು ಬಂದರು. ಅದು ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ, ಇಲ್ಲಿಯ ಅಮೆರಿಕನ್ನರದ್ದೂ ಅಲ್ಲ. ಮೊಟ್ಟೆಯಾಕಾರದ ಚೆಂಡು, ಮೊಟ್ಟೆಯಾಕಾರದ ಮೈದಾನ, ತೋಳಿಲ್ಲದ ಬನಿಯನ್ ಹಾಕಿಕೊಂಡು ಒಬ್ಬರ ಭುಜದ ಮೇಲೆ ಒಬ್ಬರು ಹತ್ತಿ ಚೆಂಡು ಹಿಡಿಯುವ ಗಂಡಸರು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ ಆರು ಅಂಕ. ಗುರಿ ತಪ್ಪಿ ಪಕ್ಕದ ಕಂಬದ ಸಂದಿಯಲ್ಲಿ ಹೋದರೂ ಒಂದು ಅಂಕ ಕೊಡುತ್ತಾರೆ. ಅದಕ್ಕೆ ಬಿಹೈಂಡ್ ಎನ್ನುತ್ತಾರೆ. ಕಂಬದ ಬಳಿ ನಿಂತ ಅಂಪೈರು ಗೋಲಾದರೆ ಎರಡೂ ಕೈಯ ತೋರುಬೆರಳನ್ನು ಸೊಂಟದ ಮಟ್ಟದಲ್ಲಿ ಪಿಸ್ತೂಲಿನ ಹಾಗೆ ಚಾಚುತ್ತಾನೆ. ತಪ್ಪಿದರೆ ಒಂದೇ ಬೆರಳು.

ಇವರು ಆ ಅಂಪೈರಿನ ಕೆಲಸವನ್ನು ಜೀವನಪೂರ್ತಿ ಮಾಡಿದರು. ನೀವು ಡಿಸೈನ್ ತೋರಿಸಿದರೆ ಬೆರಳು. ಹೊಸ ಮನೆ ತೋರಿಸಿದರೆ ಬೆರಳು. ಹೆಂಡತಿ ಪದ್ಮಕ್ಕ ಬಿಸಿಬೇಳೆಬಾತ್ ಬಡಿಸಿ ಎದುರಿಗೆ ನಿಂತರೆ, ಒಂದು ತುತ್ತು ತಿಂದು, ಕಣ್ಣು ಮುಚ್ಚಿ ಯೋಚಿಸಿ, ಒಂದು ಬೆರಳು. ಬಾಯಿ ಬಿಟ್ಟು ಬೈದದ್ದು ಕಡಿಮೆ. ಬೈದಿದ್ದರೆ ವಾಪಸ್ಸು ಬೈಯಬಹುದಿತ್ತು. ಬೆರಳಿಗೆ ಏನೆಂದು ಉತ್ತರ ಕೊಡುವುದು? ಎರಡು ಬೆರಳು ತೋರಿಸಿದ್ದನ್ನು ಮಿಷಿಗನ್ನಿನಲ್ಲಿ ಯಾರೂ ನೋಡಿರಲಿಲ್ಲ. ನಾನು ನೋಡಬೇಕೆಂದುಕೊಂಡಿದ್ದೆ. ಅದನ್ನು ನನ್ನ ಕಡೆಗೇ ಚಾಚಿಸಿಕೊಳ್ಳಬೇಕೆಂದು ಆಸೆಪಟ್ಟಿದ್ದೆ. ನನ್ನ ಕಥೆಯೆಲ್ಲ ಅಷ್ಟೇ.

ಪ್ಲಿಮತ್ ಬಳಿಯ ಆ ಕಂಪನಿಯಲ್ಲಿ ನಾವು ಕಾರಿನ ಬಾಗಿಲ ಚಿಲಕಗಳನ್ನು ಮಾಡುತ್ತಿದ್ದೆವು. ಅವರು ಮ್ಯಾನೇಜರು. ನಾನು ಟೆಸ್ಟಿಂಗ್. ಚಿಲಕಗಳನ್ನು ಶೈತ್ಯಪೆಟ್ಟಿಗೆಯಲ್ಲಿ ಫ್ಯಾರನ್‌ಹೀಟ್ ಸೊನ್ನೆಗಿಂತ ಕೆಳಗೆ ಇಳಿಸಿ, ಸಾವಿರಾರು ಸಲ ತೆಗೆದು ಹಾಕಿ, ಎಲ್ಲಿ ಮುರಿಯುತ್ತದೆ ಎಂದು ನೋಡುವುದು. ನನ್ನ ಪಕ್ಕದ ಮೇಜಿನಲ್ಲಿ ಸಂಗಮೇಶ, ಹುಬ್ಬಳ್ಳಿಯವನು, ನನಗಿಂತ ಬಹಳ ಚಿಕ್ಕವನು. ಅವನು ಚಿಲಕ ಮುಟ್ಟುತ್ತಲೇ ಇರಲಿಲ್ಲ, ಕಂಪ್ಯೂಟರಿನಲ್ಲೇ ಅದನ್ನು ಮುರಿಯುತ್ತಿದ್ದ. ಅವನ ಲೆಕ್ಕ ಆಗಾಗ ತಪ್ಪುತ್ತಿತ್ತು. ನಾನು ನಿಜವಾದ ಚಿಲಕ ತಂದು ತೋರಿಸಿ ಸರಿಮಾಡುತ್ತಿದ್ದೆ. ಇಬ್ಬರದ್ದೂ ವೀಸಾ ಕಂಪನಿಯ ಹೆಸರಿನಲ್ಲಿ. ನನ್ನ ಗ್ರೀನ್ ಕಾರ್ಡಿನ ಅರ್ಜಿಯೂ ಅಲ್ಲಿಂದಲೇ ಹೋಗಿತ್ತು. ಕೆಲಸ ಹೋದರೆ ಅರ್ಜಿ ಹೋಗುತ್ತದೆ, ಅದರ ಹಿಂದೆಯೇ ನಾವೂ ದೇಶ ಬಿಟ್ಟು ಹೋಗಬೇಕು. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿದ್ದ ವಿಷಯ, ಅವರಿಗೆ ಎಲ್ಲರಿಗಿಂತ ಚೆನ್ನಾಗಿ.

ಇಂಥ ಮನುಷ್ಯನ ಮೆಚ್ಚುಗೆ ಯಾಕೆ ಬೇಕಿತ್ತು ಎಂದು ನನ್ನ ಹೆಂಡತಿ ಸುಮಾ ಸಾವಿರ ಸಲ ಕೇಳಿದ್ದಾಳೆ. ಕಾರಣ ಇದೆ. ನಾನು ಚಿಲಕ ತೆಗೆದುಕೊಂಡು ಹೋದರೆ ಬೇರೆ ಮ್ಯಾನೇಜರುಗಳು ರಿಪೋರ್ಟಿನ ಕೊನೆಯ ಸಾಲು ನೋಡಿ ಸಹಿ ಹಾಕುತ್ತಿದ್ದರು. ಇವರು ಚಿಲಕವನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಅದು ಕೂರುವ ಸದ್ದನ್ನು ಕೇಳುತ್ತಿದ್ದರು. ಮತ್ತೆ ಕೇಳುತ್ತಿದ್ದರು. ಆಮೇಲೆ, “ಸ್ಪ್ರಿಂಗ್ ಸೋತಿದೆ ಕಣಯ್ಯ, ನೀನು ಕೇಳಿಸ್ಕೊಂಡಿಲ್ಲ,” ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಸ್ಪ್ರಿಂಗ್ ಸೋತಿರುತ್ತಿತ್ತು. ನಾನು ಮಾಡಿದ ಕೆಲಸವನ್ನು ಅಷ್ಟು ಗಮನ ಕೊಟ್ಟು ನೋಡಿದವರು ಅವರೊಬ್ಬರೇ. ಹಾಗೆ ನೋಡಿದವರೇ ಸಾಲದು ಎಂದಾಗ, ಇವರಿಂದ ಒಂದು ಸಲ ಸಾಕು ಅನ್ನಿಸಿಕೊಳ್ಳಬೇಕೆಂಬ ದುರಾಸೆ ಹುಟ್ಟುತ್ತದೆ.

ಸೀಸನ್ನಿನ ಶನಿವಾರಗಳಲ್ಲಿ ಬೆಳಕು ಹರಿಯುವ ಮೊದಲೇ ಅವರ ಮನೆಯ ಬೇಸ್‌ಮೆಂಟಿಗೆ ಹೋಗುತ್ತಿದ್ದೆವು. ಮೆಲ್ಬರ್ನಿನಲ್ಲಿ ಆಗ ಸಂಜೆ, ಪಂದ್ಯ ನೇರವಾಗಿ ಬರುತ್ತಿತ್ತು. ನಾನು, ಸಂಗಮೇಶ, ಮತ್ತೆ ಆಗೊಬ್ಬರು ಈಗೊಬ್ಬರು. ಪದ್ಮಕ್ಕ ಅವಲಕ್ಕಿ ಒಗ್ಗರಣೆ, ಕಾಫಿ ಇಳಿಸಿ ಮೇಲೆ ಹೋಗಿಬಿಡುತ್ತಿದ್ದರು. ದೊಡ್ಡ ಟೀವಿಯ ಎದುರು ಒಂದು ಚರ್ಮದ ಒರಗು ಕುರ್ಚಿ. ಅದರಲ್ಲಿ ಅವರೊಬ್ಬರೇ ಕೂರಬೇಕು. ನಾವು ಕಾರ್ಪೆಟ್ಟಿನ ಮೇಲೆ.

ಅವರ ತಂಡ ಯಾವಾಗಲೂ ತಳದಲ್ಲೇ ಇರುತ್ತಿತ್ತು. ಆ ಲೀಗಿನಲ್ಲಿ ತಳದಲ್ಲಿ ಬಿದ್ದವರಿಗೆ ಒಂದು ಸಮಾಧಾನವಿದೆ. ವರ್ಷದ ಕೊನೆಗೆ ಶಾಲೆ ಮುಗಿಸಿದ ಹೊಸ ಆಟಗಾರರನ್ನು ಹಂಚಿಕೊಳ್ಳುವ ಡ್ರಾಫ್ಟ್ ನಡೆದಾಗ, ಸೋತವರಿಗೇ ಮೊದಲ ಆಯ್ಕೆ. ಇವರ ತಂಡದವರು ಒಂದು ವರ್ಷ ಆ ಮೊದಲ ಆಯ್ಕೆಯಲ್ಲಿ ತಾಳೆಮರದಂಥ ಒಬ್ಬ ಹುಡುಗನನ್ನು ತೆಗೆದುಕೊಂಡರು. ಕೈಬಿಟ್ಟ ಇನ್ನೊಬ್ಬ ಹುಡುಗನನ್ನು ಪಕ್ಕದ ತಂಡ ಎತ್ತಿಕೊಂಡಿತು. ತಾಳೆಮರದ ಮಂಡಿ ಎರಡನೆಯ ವರ್ಷವೇ ಹೋಯಿತು. ಕೈಬಿಟ್ಟವನು ಆ ಕಾಲದ ದೊಡ್ಡ ಆಟಗಾರನಾದ. ಈ ಕಥೆಯನ್ನು ನಾವು ಕೇಳದ ಶನಿವಾರವಿಲ್ಲ. ಸ್ವಂತ ತಂಡ ಗೋಲು ಹೊಡೆದರೂ ಅವರು ಕುಣಿಯುತ್ತಿರಲಿಲ್ಲ, “ಅವನಿದ್ದಿದ್ರೆ ಇಷ್ಟೊತ್ತಿಗೆ ಮೂರು ಆಗಿರೋದು,” ಎನ್ನುತ್ತಿದ್ದರು. ತಂಡದಲ್ಲಿ ಇದ್ದವರಿಗಿಂತ, ಇರಬಹುದಾಗಿದ್ದವರ ಮೇಲೆಯೇ ಅವರಿಗೆ ಪ್ರೀತಿ.

ಕೋಚಿನ ಮೇಲೆ ಇನ್ನೂ ಸಿಟ್ಟು. ಆತ ಹಿಂದೆ ಅದೇ ತಂಡಕ್ಕೆ ಆಡಿ ಹೆಸರು ಮಾಡಿದವನು. ಊರೇ ಹೊತ್ತುಕೊಂಡು ಮೆರೆಸಿ ಕೋಚ್ ಮಾಡಿತ್ತು. ಹಳೆಯ ಜೊತೆಗಾರನೊಬ್ಬನನ್ನು ತಂಡದಿಂದ ಬಿಡಬೇಕಾಗಿ ಬಂದಾಗ ಪತ್ರಕರ್ತರ ಎದುರು ಅತ್ತುಬಿಟ್ಟ. ಆ ವಿಡಿಯೋವನ್ನು ಇವರು ನಮಗೆ ಎಷ್ಟು ಸಲ ತೋರಿಸಿದ್ದಾರೋ.

“ನೋಡು, ನೋಡು, ಮೂಗು ಒರೆಸ್ಕೊಳ್ತಾನೆ! ಟೀಮ್ ಅಂದ್ರೆ ಅತ್ತೆ ಮನೆ ಅಲ್ಲ ಕಣ್ರಯ್ಯ. ಮೂರು ವರ್ಷದ ಮೇಲೆ ಯಾರು ಬೇಕು? ಕೇಳ್ಬೇಕಾದ್ದು ಅಷ್ಟೇ. ಯಾರು ಒಳ್ಳೆಯವ್ರು, ಯಾರು ಎಷ್ಟು ದುಡಿದ್ರು, ಅದೆಲ್ಲ ಬೀಳ್ಕೊಡುಗೆ ಭಾಷಣಕ್ಕೆ ಇಟ್ಕೋ.”

“ಅಂವಾ ಅತ್ತಿದ್ದು ತಪ್ಪೇನ್ರಿ ಸರ? ಮನಷ್ಯಾ ಅಲ್ಲೇನ್ರಿ?” ಎಂದು ಸಂಗಮೇಶ ಕೇಳುತ್ತಿದ್ದ. ಅವನಿಗೆ ಒಂದು ಬೆರಳು ಬೀಳುತ್ತಿತ್ತು.

ಅವರ ಮಗಳು ಅನಘಾ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಒಂದು ಶನಿವಾರ ಅಪ್ಲಿಕೇಶನ್ ಹಾಕಿದ್ದ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕ ಸುದ್ದಿ ಹೇಳಲು ಮೆಟ್ಟಿಲಿಳಿದು ಓಡಿಬಂದಳು. ಇವರು ಟೀವಿಯಿಂದ ಕಣ್ಣು ತೆಗೆಯದೆ, “ಎರಡನೇ ರೌಂಡ್ ಪಿಕ್,” ಎಂದರು. ಡ್ರಾಫ್ಟಿನ ಮೊದಲ ಸುತ್ತಿನಲ್ಲಿ ಯಾರೂ ಆರಿಸದ ಆಟಗಾರನಿಗೆ ಹೇಳುವ ಮಾತು ಅದು. ಅವರ ಮನಸ್ಸಿನಲ್ಲಿದ್ದ ಯೂನಿವರ್ಸಿಟಿ ಬೇರೆ.

“ಡ್ಯಾಡ್, ಐಯಾಮ್ ನಾಟ್ ಎ ಪಿಕ್,” ಎಂದಳು ಹುಡುಗಿ. ಮೆಟ್ಟಿಲು ಹತ್ತುವಾಗ ಅವಳ ಹೆಜ್ಜೆ ಕೇಳಿಸಲೇ ಇಲ್ಲ. ಅಷ್ಟು ಮೆಲ್ಲಗೆ ಹತ್ತಿದ ಹುಡುಗಿ ಓದು ಮುಗಿಸಿ ಸಿಯಾಟಲ್ ಸೇರಿದಳು, ಮತ್ತೆ ಆ ಬೇಸ್‌ಮೆಂಟಿಗೆ ಇಳಿದದ್ದನ್ನು ಯಾರೂ ಕಾಣೆವು. ಅವತ್ತು ನಾವಿಬ್ಬರೂ ಅವಲಕ್ಕಿಯ ತಟ್ಟೆ ನೋಡುತ್ತಾ ಕೂತಿದ್ದೆವು.

ಅವರೂ ಮೆಲ್ಬರ್ನಿನಲ್ಲಿ ಯಾವುದೋ ಬಡಾವಣೆಯ ತಂಡಕ್ಕೆ ಆಡಲು ಹೋಗಿದ್ದರಂತೆ, ಯಾರೂ ಸೇರಿಸಿಕೊಳ್ಳಲಿಲ್ಲವಂತೆ. ಪದ್ಮಕ್ಕ ಒಮ್ಮೆ ಸುಮಾಳ ಹತ್ತಿರ ಹೇಳಿದ್ದರು. ಅದರಿಂದಲೇ ಮನುಷ್ಯ ಹೀಗಾದರು ಎಂದು ಸುಮಾ ಅಯ್ಯೋ ಪಾಪ ಎಂದಳು. ನನಗೆ ಆ ಅಯ್ಯೋ ಪಾಪ ಬೇಕಿಲ್ಲ. ತಂಡಕ್ಕೆ ಸೇರದವರು ಲೋಕದಲ್ಲಿ ತುಂಬ ಜನ ಇದ್ದಾರೆ, ಅವರೆಲ್ಲ ಮಕ್ಕಳಿಗೆ ಬೆರಳು ತೋರಿಸುತ್ತಾ ಓಡಾಡುವುದಿಲ್ಲ.

ಎರಡು ಸಾವಿರದ ಎಂಟರ ಆ ಶರತ್ಕಾಲ ಬಂತು. ಬ್ಯಾಂಕುಗಳು ಒಂದರ ಮೇಲೊಂದು ಬಿದ್ದವು. ವಾರೆನ್‌ನ ದೊಡ್ಡ ಕಾರು ಕಂಪನಿಯಿಂದ ಬರಬೇಕಿದ್ದ ಹೊಸ ಮಾದರಿಗಳ ಕೆಲಸ ನಿಂತಿತು. ನಮ್ಮ ಪಾರ್ಕಿಂಗ್ ಲಾಟಿನಲ್ಲಿ ಮೊದಲು ಕಾರು ನಿಲ್ಲಿಸಲು ಜಾಗ ಹುಡುಕಬೇಕಿತ್ತು, ಈಗ ಬಾಗಿಲ ಎದುರೇ ಸಿಗುತ್ತಿತ್ತು. ನಮ್ಮ ವಿಭಾಗದಲ್ಲೂ ಒಬ್ಬರು ಹೋಗಬೇಕು ಎಂಬ ಮಾತು ಕಾಫಿ ಮೆಷಿನ್ನಿನ ಹತ್ತಿರ ಹಬ್ಬಿತು. ಸುಮಾ ದಿನಾ ಸಂಜೆ ಬಾಗಿಲಲ್ಲೇ ನನ್ನ ಮುಖ ನೋಡುತ್ತಿದ್ದಳು. ನಾನು, “ಏನೂ ಆಗಲ್ಲ, ಸರ್ ಇದಾರಲ್ಲ,” ಎನ್ನುತ್ತಿದ್ದೆ. ಶನಿವಾರ ಅವರ ಮನೆಯ ಕಾರ್ಪೆಟ್ಟಿನ ಮೇಲೆ ಕೂತು ಅವಲಕ್ಕಿ ತಿನ್ನುವವನಿಗೆ ಏನೂ ಆಗುವುದಿಲ್ಲ ಎಂದು ನಂಬಿದ್ದೆ.

ಪಂದ್ಯಗಳು ಮುಗಿದ ಮೇಲೆ, ಡ್ರಾಫ್ಟಿಗೆ ಮೊದಲು, ಅಲ್ಲಿಯ ತಂಡಗಳು ಕೆಲವು ಹಳೆಯ ಆಟಗಾರರನ್ನು ಕೈಬಿಟ್ಟು ಜಾಗ ಮಾಡಿಕೊಳ್ಳುತ್ತವೆ. ನಮ್ಮ ಬೇಸ್‌ಮೆಂಟಿನಲ್ಲೂ ಅದಕ್ಕೆ ಒಂದು ಶನಿವಾರ ಮೀಸಲು. ಅವರು ಒಂದು ಸಮಸ್ಯೆ ಕೊಡುವುದು, ಯಾರನ್ನು ಬಿಡಬೇಕು ಎಂದು ನಾವು ವಾದ ಮಾಡುವುದು. ಗೆದ್ದವನಿಗೆ ಒರಗು ಕುರ್ಚಿಯಲ್ಲಿ ಕೂರುವ ಭಾಗ್ಯ. ನಾನು ಒಂದು ವರ್ಷವೂ ಗೆದ್ದಿರಲಿಲ್ಲ.

ಆ ಸಲ ಅವರು ಹೆಸರು ಹೇಳಲಿಲ್ಲ. “ಇಬ್ರು ಡಿಫೆಂಡರ್ಸ್. ಒಂದೇ ಜಾಗ. ಒಬ್ಬ ತುಂಬಾ ವರ್ಷದಿಂದ ಇದಾನೆ, ಚೆಂಡು ಬಿಡಲ್ಲ, ಎಲ್ರಿಗೂ ಅವನ ಮೇಲೆ ನಂಬಿಕೆ. ಆದ್ರೆ ಅವನು ಇವತ್ತು ಎಷ್ಟೋ ನಾಳೇನೂ ಅಷ್ಟೇ. ಇನ್ನೊಬ್ಬ ಎಳೆಯ, ತಪ್ಪು ಮಾಡ್ತಾನೆ, ಆದ್ರೆ ಆಟ ಎಲ್ಲಿಗೆ ಹೋಗತ್ತೆ ಅಂತ ಮೊದ್ಲೇ ಕಾಣತ್ತೆ ಅವನಿಗೆ. ಯಾರನ್ನ ಬಿಡ್ತೀರಿ?”

ಸಂಗಮೇಶ ಹಿಂದೆ ಮುಂದೆ ನೋಡಲಿಲ್ಲ. “ಹಿರ್ಯಾನ್ನ ಇಟ್ಕೋಬೇಕ್ರಿ ಸರ. ಸಣ್ಣಾಂವ ತಪ್ಪ ಮಾಡಿದಾಗ ತಿದ್ದಾಂವ ಯಾರ್ರಿ ಮತ್ತ? ಹಿರ್ಯಾ ಹ್ವಾದ್ರ ಇಂವನೂ ಹ್ವಾದಂಗ.”

ಒಳ್ಳೆಯ ವಾದ. ಅದು ನಿಜವೂ ಆಗಿತ್ತು. ಆದರೆ ನನಗೆ ಕುರ್ಚಿ ಬೇಕಿತ್ತು, ಎರಡು ಬೆರಳು ಬೇಕಿತ್ತು. ಅವರು ವರ್ಷಗಟ್ಟಲೆ ನಮ್ಮ ಕಿವಿಗೆ ಸುರಿದಿದ್ದನ್ನೆಲ್ಲ ಒಟ್ಟುಗೂಡಿಸಿಕೊಂಡು ಎದ್ದು ನಿಂತೆ. ನಂಬಿಕೆಯೆನ್ನುವುದು ನಿನ್ನೆಯ ಮಾತು, ತಂಡ ಕಟ್ಟುವುದು ನಾಳೆಗೆ ಎಂದೆ. ತಪ್ಪನ್ನು ಯಾರು ಬೇಕಾದರೂ ತಿದ್ದಬಹುದು, ಮುಂದಿನದನ್ನು ಕಾಣುವ ಕಣ್ಣನ್ನು ಕಲಿಸಲಾಗದು ಎಂದೆ. ಹಿರಿಯನಿಗೆ ಒಳ್ಳೆಯ ಬೀಳ್ಕೊಡುಗೆ ಕೊಡಿ, ಅವನೂ ಅರ್ಥ ಮಾಡಿಕೊಳ್ಳುತ್ತಾನೆ, ಅಳುವ ಕೋಚುಗಳಿಂದಲೇ ಈ ತಂಡ ತಳದಲ್ಲಿ ಕೊಳೆಯುತ್ತಿರುವುದು ಎಂದೆ. ಸಂಗಮೇಶ ಮತ್ತೆ ಏನೋ ಹೇಳಹೋದ. ಅವನ ಬಾಯಿ ಮುಚ್ಚಿಸಿದೆ.

ಅವರು ಕುರ್ಚಿಯಿಂದ ಎದ್ದರು. “ಕೂತ್ಕೋ,” ಎಂದರು. ನಾನು ಕೂತೆ. ಚರ್ಮ ಇನ್ನೂ ಬೆಚ್ಚಗಿತ್ತು. ಅವರ ಕೈಗಳತ್ತ ನೋಡಿದೆ. ಎರಡು ಬೆರಳು ಬರಲಿಲ್ಲ, ಒಂದೂ ಬರಲಿಲ್ಲ. ಕಾಫಿ ಲೋಟ ತೆಗೆದುಕೊಂಡು ಮೇಲೆ ಹೋಗಿಬಿಟ್ಟರು. ನಾನು ಮಾತ್ರ ಕಾಲು ಚಾಚಿ ಒರಗಿಕೊಂಡು ರಾಜನ ಹಾಗೆ ಕೂತಿದ್ದೆ, ಸಂಗಮೇಶನಿಗೆ ಇನ್ನೊಂದು ಲೋಟ ಕಾಫಿ ತರಲು ಹೇಳಿದೆ ಕೂಡ.

ಸೋಮವಾರ ಬೆಳಿಗ್ಗೆ ಕ್ಯಾಬಿನ್ನಿಗೆ ಕರೆದರು. ಎಚ್‌ಆರ್‌ನ ಹೆಂಗಸು ಪಕ್ಕದಲ್ಲಿ ಕೂತಿದ್ದಳು. ಅವಳಿಗೆ ಅರ್ಥವಾಗದಿರಲೆಂದು ಕನ್ನಡದಲ್ಲೇ ಹೇಳಿದರು. “ಜಾಗ ಒಂದೇ ಇದೆ. ಸಂಗಮೇಶ ಇರ್ತಾನೆ. ಕಾರಣ ನಾನು ಹೇಳೋದೇನಿದೆ, ಶನಿವಾರ ನೀನೇ ನನಗಿಂತ ಚೆನ್ನಾಗಿ ಹೇಳಿದ್ಯಲ್ಲ.”

ಆ ಎಳೆಯ ಡಿಫೆಂಡರ್ ಯಾರು, ಹಿರಿಯ ಯಾರು ಎಂದು ನನಗೆ ಹೊಳೆದದ್ದು ಆ ಕ್ಷಣದಲ್ಲಿ. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ನನ್ನ ವಾದಕ್ಕೆ ಎದುರು ವಾದ ಹುಡುಕಿದೆ. ಸಂಗಮೇಶ ಹೇಳಿದ್ದು ಬಿಟ್ಟರೆ ಬೇರೆ ಯಾವುದೂ ಸಿಗಲಿಲ್ಲ. ಅದನ್ನು ನಾನೇ ಹೊಡೆದು ಹಾಕಿದ್ದೆ.

ಸಂಜೆ ಸುಮಾ ಎಲ್ಲವನ್ನೂ ಕೇಳಿಸಿಕೊಂಡಳು. “ಆಟದ ಮಾತಾಡಿ ಕೆಲ್ಸ ಕಳ್ಕೊಂಡು ಬಂದ್ಯಾ? ಆ ಹುಬ್ಬಳ್ಳಿ ಹುಡುಗ ನಿನ್ನ ಉಳಿಸೋಕೆ ನೋಡಿದ, ನೀನು ಅವನ ಬಾಯಿ ಮುಚ್ಚಿಸ್ದೆ. ಥೂ!” ಎಂದು ಅಡುಗೆಮನೆಗೆ ಹೋದಳು. ಆಮೇಲಿನ ವಾರಗಳಲ್ಲಿ ಸಿಕ್ಕಸಿಕ್ಕಲ್ಲಿ ಅಪ್ಲೈ ಮಾಡಿದೆ. ನಾಲ್ಕೂ ದಿಕ್ಕಿನಲ್ಲಿ ಕೆಲಸ ಕಳೆದುಕೊಂಡವರೇ, ನನ್ನಂಥ ಟೆಸ್ಟಿಂಗಿನವರು ಯಾರಿಗೂ ಬೇಡವಾಗಿದ್ದರು. ಸೂಟ್‌ಕೇಸುಗಳನ್ನು ಕ್ಲಾಸೆಟ್ಟಿನಿಂದ ಇಳಿಸಿ ಇಟ್ಟುಕೊಂಡ ಮೇಲೆ, ಇಟಾಸ್ಕಾದಲ್ಲಿ ಪ್ಯಾಕಿಂಗ್ ಮೆಷಿನ್ ಮಾಡುವ ಸಣ್ಣ ಕಂಪನಿಯೊಂದು ಅರ್ಧ ಮನಸ್ಸಿನಿಂದ ನನ್ನನ್ನು ಸೇರಿಸಿಕೊಂಡಿತು. ಗ್ರೀನ್ ಕಾರ್ಡಿನ ಸಾಲಿನಲ್ಲಿ ಮತ್ತೆ ಕೊನೆಯಲ್ಲಿ ನಿಂತೆ. ಅದು ಕೈಗೆ ಬರುವಷ್ಟರಲ್ಲಿ ತಲೆ ನರೆತಿತ್ತು.

ಟ್ರಕ್ಕಿಗೆ ಸಾಮಾನು ತುಂಬುವ ದಿನ ಸಂಗಮೇಶ ಬಂದ. ಸೋಫಾದ ಒಂದು ತುದಿ ನಾನು, ಒಂದು ತುದಿ ಅವನು ಹಿಡಿದಿದ್ದೆವು. ಅವನು ನಡುದಾರಿಯಲ್ಲಿ ನಿಂತುಬಿಟ್ಟ. “ನಾ ನಿಮ್ಮ ಸಲುವಾಗಿನ ವಾದಾ ಮಾಡಿದ್ನಲ್ರಿ ಅಣ್ಣಾರ. ಅದು ನಮ್ಮ ನೌಕರಿ ಮಾತಂತ ನನಗೂ ಗೊತ್ತಿರ್ಲಿಲ್ಲ ಖರೆ, ಆದ್ರೂ ನಿಮ್ಮನ್ನ ನೆನಸ್ಕೊಂಡ ಮಾಡಿದ್ನಿ. ಯಾಕ ಸೋಲಿಸಿದ್ರಿ ನನ್ನ?” ಎಂದ. ಕೈಯಲ್ಲಿ ಸೋಫಾ ಇದ್ದದ್ದರಿಂದ ಕಣ್ಣೊರೆಸಿಕೊಳ್ಳಲು ಆಗಲಿಲ್ಲ ಅವನಿಗೆ.

ಅವರು ಬರಲಿಲ್ಲ. ಫೋನೂ ಇಲ್ಲ. ನಾನು ಕಾಯುತ್ತಿದ್ದೆ ಎನ್ನುವುದೇ ನಾಚಿಕೆಗೇಡು. ವರ್ಷಗಳು ಹೋದವು. ನನ್ನ ತಲೆಯಲ್ಲಿ ಒಂದೇ ಯೋಚನೆ ಉಳಿದುಕೊಂಡಿತ್ತು. ಕೈಬಿಟ್ಟ ಆಟಗಾರನಿಗಾಗಿ ಶನಿವಾರಗಟ್ಟಲೆ ಹಲುಬುವ ಮನುಷ್ಯ ನನಗಾಗಿ ಒಮ್ಮೆಯಾದರೂ ಹಲುಬಿರಬೇಕು. ಚಿಲಕ ಮುರಿದು ವಾಪಸ್ಸು ಬಂದಾಗ, ಸಂಗಮೇಶನ ಲೆಕ್ಕ ತಪ್ಪಿದಾಗ, ‘ಅವನಿದ್ದಿದ್ರೆ’ ಎಂದಿರಬೇಕು. ಅದನ್ನು ಅವರ ಬಾಯಿಂದ ಕೇಳಿದರೆ ನನಗೆ ಸಾಕಾಗಿತ್ತು.

ಅವರ ನಿವೃತ್ತಿಯ ಪಾರ್ಟಿಗೆ ಕರೆದವನು ಸಂಗಮೇಶ. ಆಗ ಅವನೇ ಅಲ್ಲಿ ಮ್ಯಾನೇಜರು. “ಬರ್ರಿ ಅಣ್ಣಾರ, ಏನ ಕೇಳೂದೈತಿ ಕೇಳಿಬಿಡ್ರಿ,” ಎಂದ. ಇಟಾಸ್ಕಾದಿಂದ ಮಿಷಿಗನ್ನಿನ ಆ ಹಾಲ್‌ವರೆಗೂ ಒಂದೇ ಒಂದು ಸಲ ನಿಲ್ಲಿಸಿ ಡ್ರೈವ್ ಮಾಡಿದೆ. ಸುಮಾ ಪಕ್ಕದಲ್ಲಿ ಕೂತು, “ತಪ್ಪಾಯ್ತು ಅನ್ನಿಸ್ದೆ ಬಿಡ್ಬೇಡ,” ಎನ್ನುತ್ತಿದ್ದಳು.

ಅವರು ಇಳಿದುಹೋಗಿದ್ದರು. ಸೂಟು ಬೇರೆಯವರದ್ದೆನ್ನುವ ಹಾಗೆ ಜೋತಾಡುತ್ತಿತ್ತು. ಅನಘಾ ಬಂದಿರಲಿಲ್ಲ. ಭಾಷಣದಲ್ಲಿ ತಮ್ಮ ವೃತ್ತಿಯ ತಪ್ಪು ಆಯ್ಕೆಗಳನ್ನು ಒಂದೊಂದಾಗಿ ಹೇಳಿ ಜನರನ್ನು ನಗಿಸಿದರು. ಸೇರಿಸಿಕೊಳ್ಳದೆ ಬಿಟ್ಟ ಒಬ್ಬ, ಕ್ಯಾಲಿಫೋರ್ನಿಯಾಕ್ಕೆ ಹೋಗಿ ದೊಡ್ಡವನಾದ ಇನ್ನೊಬ್ಬ. ನನ್ನ ಹೆಸರಿಗಾಗಿ ಕಿವಿ ನಿಮಿರಿಸಿ ಕಾದೆ. ಬರಲಿಲ್ಲ.

ಊಟದ ಹೊತ್ತಿಗೆ ಹತ್ತಿರ ಹೋದೆ. ಪದ್ಮಕ್ಕ ಅವರ ಪಕ್ಕದಲ್ಲಿ ನಿಂತಿದ್ದರು. ಪೀಠಿಕೆ ಹಾಕಲಿಲ್ಲ. “ಸರ್, ನನ್ನನ್ನ ಬಿಟ್ಟಿದ್ದು ತಪ್ಪಾಯ್ತು ಅಂತ ಯಾವತ್ತಾದ್ರೂ ಅನ್ನಿಸ್ತಾ?”

ಅವರು ಯೋಚಿಸಿದರು. ಚಿಲಕ ಕೇಳುವಾಗಿನ ಹಾಗೆಯೇ ಕಣ್ಣು ಮುಚ್ಚಿದರು.

“ಇಲ್ಲ,” ಎಂದರು. “ಆ ಕೋಣೇಲಿ ಕೂತಿದ್ದವ್ರಲ್ಲಿ ಟೀಮ್ ಕಟ್ಟೋದು ಗೊತ್ತಿದ್ದಿದ್ದು ನಿನಗೊಬ್ಬನಿಗೇ ಕಣಯ್ಯ. ನನಗೂ ಅಷ್ಟು ಚೆನ್ನಾಗಿ ಗೊತ್ತಿರ್ಲಿಲ್ಲ. ಹಿಂದಿನ ರಾತ್ರಿಯೆಲ್ಲ ಒದ್ದಾಡಿದ್ದೆ, ನಿನ್ನ ವಾದ ಕೇಳಿದ್ಮೇಲೆ ನಿಶ್ಚಿಂತೆ ಆಯ್ತು.” ತಮ್ಮ ಊಟದ ತಟ್ಟೆಯನ್ನು ಪದ್ಮಕ್ಕನ ಕೈಗೆ ಕೊಟ್ಟರು. ಎರಡೂ ಕೈಗಳನ್ನು ಸೊಂಟದ ಮಟ್ಟಕ್ಕೆ ತಂದು, ಎರಡೂ ತೋರುಬೆರಳನ್ನು ನನ್ನ ಕಡೆಗೆ ಚಾಚಿದರು.

ಪದ್ಮಕ್ಕ ಆ ಬೆರಳುಗಳನ್ನೇ ನೋಡಿದರು. “ನಿನಗಾದ್ರೂ ಸಿಕ್ತಲ್ಲಪ್ಪ,” ಎಂದರು. “ನನಗೆ ಇನ್ನೂ ಒಂದೇ.”

ಕಾರು ಹೈವೇ ಸೇರಿತು. ಸುಮಾ ನನ್ನ ಮುಖವನ್ನೇ ನೋಡುತ್ತಿದ್ದಳು. “ತಪ್ಪಾಯ್ತು ಅಂದ್ರಾ?” ಎಂದಳು.

“ಇಲ್ಲ.”

“ಮತ್ತೆ ಯಾಕೆ ನಗ್ತಿದೀಯಾ?”

ಕನ್ನಡಿ ನೋಡಿಕೊಂಡೆ. ಹೌದು, ನಗುತ್ತಿದ್ದೆ. ಪರೀಕ್ಷೆಯಲ್ಲಿ ಮೊದಲು ಬಂದ ಮಗುವಿನ ಹಾಗೆ, ಹಲ್ಲೆಲ್ಲ ಕಾಣಿಸುವ ಹಾಗೆ. ನನ್ನ ಕೆಲಸ ಕಿತ್ತುಕೊಂಡದ್ದಕ್ಕೆ ಆ ಮನುಷ್ಯನನ್ನು ನಾನು ಯಾವತ್ತಾದರೂ ಕ್ಷಮಿಸುತ್ತಿದ್ದೆನೇನೋ. ಆ ನಗುವಿಗಾಗಿ, ಅವರು ಸತ್ತ ಮೇಲೂ, ಕ್ಷಮಿಸಲಾರೆ.